ಎಟುಕದ ಕೊಂಬೆ

ರಾಜಧಾನಿಯ ಹೊರಗಿನ ಸೇತುವೆ ಬಳಿ ವಿಧವೆ ಹುಯಿನ್ಯಾಂಗ್ ಬಹುಕಾಲದಿಂದ ಹೆಂಡದಂಗಡಿ ಇಟ್ಟಿದ್ದಳು. ದೂರ ಹೋಗುವವರ ಕೈಗೆ ವಿಲೋ ಮರದ ಟೊಂಗೆ ಮುರಿದುಕೊಟ್ಟು ಬೀಳ್ಕೊಡುವುದು ಅಲ್ಲಿನ ವಾಡಿಕೆ. ಅಂಗಡಿ ಮುಂದಿನ ವಿಲೋ ಮರ ಕೈಗೆಟುಕುವ ಎತ್ತರದವರೆಗೂ ಬೋಳಾಗಿತ್ತು. ಯಾರಾದರೂ ಮುರಿಯಲು ಬಂದರೆ ಅವಳು ಸಿಡುಕುತ್ತಿದ್ದಳು: "ನಿಮ್ಮ ಗೋಳಿಗೆ ನನ್ನ ಮರಾನೇ ಬೇಕಿತ್ತಾ? ಅಳೋದಾದ್ರೆ ಕುಡಿದು ಅಳ್ರಯ್ಯಾ!"

ಆ ವಸಂತದಲ್ಲಿ ಅವಳ ಮಗ ಪೆಂಗ್‌ಗೇ ಗಡಿ ಕಾವಲಿಗೆ ಕರೆ ಬಂತು. ಹೊರಡುವ ಹೊತ್ತಿಗೆ ಅವಳು ತುದಿಗಾಲಲ್ಲಿ ನಿಂತು ಕೈಚಾಚಿದಳು. ಕೊಂಬೆ ಎಟುಕಲಿಲ್ಲ.

"ಬಿಡಮ್ಮಾ, ಮುರಿಯೋರಿಗೆಲ್ಲ ನೀನೇ ಬೈತಿದ್ದೆ."

"ಬಾಯ್ಮುಚ್ಚು. ಎತ್ಕೋ ನನ್ನ."

ಹೊರಟುನಿಂತ ಮಗನೇ ತಾಯಿಯನ್ನು ಎತ್ತಿ ಹಿಡಿದ. ಅವಳು ಟೊಂಗೆ ಮುರಿದಳು. ಆದರೆ 'ಇಳಿಸು' ಎನ್ನಲು ಬಹಳ ಹೊತ್ತು ಬಾಯಿ ಬರಲಿಲ್ಲ.

ಮರುದಿನ ಅಂಗಡಿಯ ಎತ್ತರದ ಬೆಂಚನ್ನು ತಾನೇ ಎಳೆದು ತಂದು ಮರದ ಕೆಳಗಿಟ್ಟಳು.