ಹದಿಮೂರು ದಿನದ ನಡಿಗೆ

ಮಗಳಿಗೆ ಹೊಸ ಶೂ ತೆಗೆದುಕೊಳ್ಳಬೇಕೆಂದು ಅತ್ತೆ ಮೊದಲ ಸಲ ಹೇಳಿದಾಗ ಅವಳು ನಡೆಯಲು ಶುರು ಮಾಡಿ ಬರೀ ಐದು ದಿನವಾಗಿತ್ತು. ಇದು ನಾನು ಅಂದಾಜಿಗೆ ಹೇಳುವ ಮಾತಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರದ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದು, ಒಳಗೆ ಜಾಗ ಸಾಲದೆ ಬದಿಯಲ್ಲಿ ‘ನಡೆದಳು’ ಎಂದು ಬರೆದವಳು ನಾನೇ. ಕಾಸರಗೋಡಿನ ವಿದ್ಯಾನಗರದ ಸರಕಾರಿ ಕಚೇರಿಯಲ್ಲಿ ನಾನು ಗುಮಾಸ್ತೆ. ತಾರೀಕು ಹಾಕದ ಕಾಗದವನ್ನು ಕಾಗದವೆಂದೇ ಒಪ್ಪುವವಳಲ್ಲ.

ಅತ್ತೆಗೆ ಆರೋಗ್ಯ ಉಪಕೇಂದ್ರದ ನರ್ಸ್ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಚುಚ್ಚುಮದ್ದಿಗೆ ಹೋದಾಗ ನಾನೇ ಕೇಳಿ ತಿಳಿದುಕೊಂಡಿದ್ದೆ. ಮನೆಯೊಳಗೆ ಬರಿಗಾಲೇ ಒಳ್ಳೆಯದು, ಬೆರಳುಗಳು ನೆಲವನ್ನು ಹಿಡಿದು ಹಿಡಿದು ಕಲಿಯಬೇಕು. ಯಾರ ಆಸರೆಯೂ ಇಲ್ಲದೆ ಒಂದೂವರೆ ತಿಂಗಳಾದರೂ ಗಟ್ಟಿಯಾಗಿ ನಡೆದ ಮೇಲೆ, ರಸ್ತೆಗೆ ಇಳಿಯುವ ಹೊತ್ತಿಗೆ ಶೂ ಸಾಕು. ಅದೂ ಅಡಿ ಬಗ್ಗುವಂಥದ್ದು, ಮುಂದೆ ಒಂದು ಹೆಬ್ಬೆರಳಿನ ಜಾಗ ಇರುವಂಥದ್ದು. ಹಾಗಾದರೆ ಇನ್ನೂ ಐದು ವಾರ ಉಂಟು ಎಂದು ಲೆಕ್ಕ ಹಾಕಿ ತೋರಿಸಿದೆ.

ಅತ್ತೆ ಕೇಳಿಸಿಕೊಂಡರು. ಮರುದಿನ ಮತ್ತೆ ಅದೇ ರಾಗ. ಅಂಗಳದಲ್ಲಿ ಜಲ್ಲಿ ಉಂಟು, ಕಾಲಿಗೆ ಚುಚ್ಚುತ್ತದೆ, ಈಗ ತೆಗೆದರೆ ಸರಿ ಎಂದರು. ನನಗೆ ಆಶ್ಚರ್ಯ. ಮದುವೆಯಾಗುವವರೆಗೆ ಚಪ್ಪಲಿಯನ್ನೇ ಮೆಟ್ಟದೆ ಬೆಳೆದವರು, ಅಗತ್ಯವಿಲ್ಲದ ಒಂದು ಸೌಟನ್ನೂ ಕೊಳ್ಳದವರು, ಇವರಿಗೆ ಶೂವಿನ ಹುಚ್ಚು ಎಲ್ಲಿಂದ ಹಿಡಿಯಿತು? ಆಚೆಮನೆಯ ಮಗು ಕೀಂಕ್ ಕೀಂಕ್ ಎನ್ನುವ, ದೀಪ ಮಿನುಗುವ ಶೂ ಹಾಕಿಕೊಂಡು ಓಡಾಡುವುದನ್ನು ನೋಡಿ ಆಸೆಯಾಗಿರಬೇಕು ಎಂದುಕೊಂಡೆ. ಗಂಡನ ಹತ್ತಿರ ಹೇಳಿಕೊಂಡು ನಕ್ಕದ್ದೂ ಆಯಿತು. ಅವರು ನಗಲಿಲ್ಲ. ಮಂಗಳೂರಿನ ಬೆಳಗಿನ ರೈಲಿಗೆ ಹೊತ್ತಾಯಿತೆಂದು ಎದ್ದರು.

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನು, ಒಪ್ಪಿಕೊಳ್ಳುತ್ತೇನೆ. ಅದರಲ್ಲೂ ಮಗಳ ನಡಿಗೆಯ ವಿಷಯ ಬಂದರೆ ನನಗೆ ಬೇರೆಯೇ ಒಂದು ನೋವಿತ್ತು. ಹೆರಿಗೆ ರಜೆ ಮುಗಿದು ಕೆಲಸಕ್ಕೆ ಸೇರಿದಂದಿನಿಂದ ಅವಳ ಮೊದಲುಗಳೆಲ್ಲ ಅತ್ತೆಯ ಪಾಲಾಗಿದ್ದವು. ಮೊದಲ ಹಲ್ಲು ಕಂಡದ್ದು ಅವರಿಗೆ. ಅಂಬೆಗಾಲಿಟ್ಟದ್ದು ಅವರೆದುರು. ಸಂಜೆ ಬಸ್ಸಿಳಿದು ಬಂದ ನನಗೆ ಸಿಗುತ್ತಿದ್ದುದು ವರದಿ ಮಾತ್ರ. ಹೀಗಿರುವಾಗ ತಿರುವನಂತಪುರದಲ್ಲಿ ಐದು ವಾರದ ತರಬೇತಿಗೆ ಹಾಜರಾಗಬೇಕೆಂದು ಆದೇಶ ಬಂತು. ಶನಿವಾರವೂ ತರಗತಿ, ಒಂದು ಭಾನುವಾರಕ್ಕೆಂದು ಬಂದು ಹೋಗುವ ದೂರವೂ ಅಲ್ಲ. ಅದನ್ನು ಮುಗಿಸದಿದ್ದರೆ ಕೆಲಸ ಕಾಯಂ ಆಗುವುದಿಲ್ಲ. ಮಗಳು ಆಗ ಕುರ್ಚಿ ಹಿಡಿದು ನಿಲ್ಲುತ್ತಿದ್ದಳು.

ಹೊರಡುವಾಗ ಮಂಜೇಶ್ವರ ಸ್ಟೇಷನಿನ ಪ್ಲಾಟ್‌ಫಾರ್ಮಿನಲ್ಲಿ ಜನರೆದುರೇ ಅತ್ತುಬಿಟ್ಟೆ. ಹಲ್ಲು ನೀವು ನೋಡಿದಿರಿ, ಎಲ್ಲ ನೀವೇ ನೋಡಿದಿರಿ, ನಡೆಯುವುದೊಂದನ್ನಾದರೂ ನಾನು ಮೊದಲು ನೋಡಬೇಕು ಎಂದೆ. ನಾನಿಲ್ಲದಾಗ ಅವಳು ನಡೆದಳೆಂದು ಗೊತ್ತಾದರೆ ತರಬೇತಿಯೂ ಬೇಡ, ಕೆಲಸವೂ ಬೇಡ, ಅದೇ ದಿನ ರೈಲು ಹತ್ತುತ್ತೇನೆ ಎಂದೂ ಹೇಳಿದೆ. ಅತ್ತೆ ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು, ಆಯ್ತು ಹೋಗು ಎಂದರು.

ಆ ಐದು ವಾರ ನಾನು ಮನುಷ್ಯಳಾಗಿರಲಿಲ್ಲ. ದಿನಾ ಸಂಜೆ ಹಾಸ್ಟೆಲಿನ ವರಾಂಡದಲ್ಲಿ ನಿಂತು ವಿಡಿಯೊ ಕಾಲ್ ಮಾಡುವುದು, ಏನಾದರೊಂದು ತಪ್ಪು ಹುಡುಕಿ ಅತ್ತೆಯ ಮೇಲೆ ರೇಗುವುದು. ಮಗುವಿನ ಮುಖ ಕತ್ತಲೆಯಲ್ಲಿದೆ, ಫೋನ್ ವಾಲಿದೆ, ಟೋಪಿ ಹಾಕಿಲ್ಲ. ಒಂದು ಸಂಜೆಯಂತೂ ಮಾತಿನ ನಡುವೆ ಫೋನೇ ಬಿತ್ತು. ನನಗೆ ಕಂಡದ್ದು ಮಾಡಿನ ಹಂಚು, ಒಂದು ಜಂತಿ, ಮೂಲೆಯಲ್ಲಿ ತಿರುಗುವ ಫ್ಯಾನಿನ ತುಂಡು. ಕರೆದರೆ ಉತ್ತರವಿಲ್ಲ. ಒಂದು ಫೋನನ್ನು ಸರಿಯಾಗಿ ಹಿಡಿದುಕೊಳ್ಳಲಿಕ್ಕೂ ಆಗುವುದಿಲ್ಲವಾ ನಿಮಗೆ ಎಂದು ಕಿರುಚಿ ಕಟ್ ಮಾಡಿದೆ. ಅದಾದ ಮೇಲೆ ಪ್ರತಿ ಕರೆಯಲ್ಲೂ ಮಗಳು ಅತ್ತೆಯ ಸೊಂಟದ ಮೇಲೆಯೇ ಇರುತ್ತಿದ್ದಳು. ಅದಕ್ಕೂ ಬೈದೆ. ಹೀಗೆ ಹೊತ್ತುಕೊಂಡೇ ಇದ್ದರೆ ಇವಳು ನಡೆಯುವುದು ಯಾವಾಗ ಎಂದು ಕೇಳಿದ್ದೆ.

ತರಬೇತಿ ಮುಗಿಸಿ ಭಾನುವಾರ ಬೆಳಗಾಗುವಾಗ ಮನೆ ಸೇರಿದೆ. ಕಾಫಿ ಕುಡಿದು ಚಾವಡಿಯಲ್ಲಿ ಕೂತಿದ್ದೆ. ಅತ್ತೆ ಮಗುವನ್ನು ತಂದು ಎದುರಿನ ಕುರ್ಚಿಯ ಹತ್ತಿರ ನಿಲ್ಲಿಸಿದರು. ಅವಳು ನನ್ನನ್ನೊಮ್ಮೆ ನೋಡಿ, ಕುರ್ಚಿ ಬಿಟ್ಟು, ಕೈ ಅಗಲಿಸಿಕೊಂಡು ನಡೆದೇ ಬಂದಳು. ನಾನು ಅತ್ತುಬಿಟ್ಟೆ, ನಕ್ಕೆ, ಏನೇನೋ ಕೂಗಿದೆ. ನನಗಾಗಿಯೇ ಕಾದಿದ್ದಾಳೆ ಎಂದು ಕೇರಿಗೆಲ್ಲ ಹೇಳಿದೆ. ಗಂಡ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಅವಳು ಕುರ್ಚಿ ಬಿಡುವ ಮೊದಲೇ ಅವರ ಮೊಬೈಲ್ ಸಿದ್ಧವಾಗಿದ್ದದ್ದು ಹೇಗೆ ಎಂದು ನನಗೆ ಆಗ ಹೊಳೆಯಲಿಲ್ಲ.

ಶೂವಿನ ಜಗಳ ಎರಡನೆಯ ವಾರಕ್ಕೆ ಕಾಲಿಟ್ಟಾಗ ನನಗೆ ತಡೆಯಲಾಗಲಿಲ್ಲ. ಅಂಗಡಿಯವರ ಬಾಯಿಂದಲೇ ಹೇಳಿಸುತ್ತೇನೆ ಎಂದು ಎರಡನೇ ಶನಿವಾರದ ರಜೆಯಲ್ಲಿ ಅತ್ತೆಯನ್ನೂ ಮಗಳನ್ನೂ ಕಾಸರಗೋಡಿಗೆ ಹೊರಡಿಸಿದೆ. ಅತ್ತೆ ಅಂಗಡಿಯೆಲ್ಲ ಬೇಡ, ಆನ್‌ಲೈನಿನಲ್ಲಿ ತರಿಸು ಎಂದರು. ಆನ್‌ಲೈನ್ ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಮೊದಲು. ಹೆದ್ದಾರಿಯ ಕೆಲಸದಿಂದಾಗಿ ಬಸ್ಸು ಸರ್ವಿಸ್ ರೋಡಿನಲ್ಲಿ ತೆವಳುತ್ತಿತ್ತು. ಅತ್ತೆ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತ ಕೂತರು.

ಬಸ್ ನಿಲ್ದಾಣದ ಹತ್ತಿರದ ಹಳೆಯ ಅಂಗಡಿ. ವಯಸ್ಸಾದ ಮಾಲೀಕರು, ತಲೆಗೆ ಬಿಳಿ ಟೊಪ್ಪಿ. ಅವರು ಕಪಾಟಿನಿಂದ ಶೂ ತೆಗೆಯುವ ಮೊದಲು ಗಿಡ್ಡ ಸ್ಟೂಲಿನ ಮೇಲೆ ಕೂತು ಮಗಳ ಪಾದವನ್ನು ಅಂಗೈಯಲ್ಲಿ ತೆಗೆದುಕೊಂಡರು. ನಡೆಯಲು ಶುರು ಮಾಡಿ ಎಷ್ಟು ಸಮಯವಾಯಿತು ಎಂದು ಕೇಳಿದರು. ಹದಿಮೂರು ದಿನ ಎಂದೆ, ಅತ್ತೆಯ ಕಡೆ ಒಂದು ನೋಟ ಎಸೆದು.

ಅವರು ಹಿಮ್ಮಡಿಯ ಮೇಲೆ ಹೆಬ್ಬೆರಳು ಆಡಿಸಿದರು. ಇನ್ನೊಂದು ಪಾದವನ್ನೂ ನೋಡಿದರು. ಮತ್ತೆ ಅವಳನ್ನು ನೆಲಕ್ಕಿಳಿಸಿದರು. ಅವಳು ಸೀದಾ ಕಪಾಟಿನ ತನಕ ನಡೆದು, ಬಗ್ಗಿ ಒಂದು ಚಪ್ಪಲಿ ಎತ್ತಿಕೊಂಡು, ಗಿರಕ್ಕನೆ ತಿರುಗಿ ವಾಪಸು ಬಂದಳು.

“ಹದಿಮೂರು ದಿನದ ಮಗು ತಿರುಗುವಾಗ ಕೂತುಬಿಡ್ತದೆ ಮಗಳೇ,” ಎಂದರು ಅವರು. “ಹಿಮ್ಮಡಿ ನೋಡಿ, ಗಟ್ಟಿಯಾಗಿದೆ. ಇದು ಅಂಗಳದಲ್ಲಿ ಓಡಿದ ಕಾಲು. ಒಂದೂವರೆ ತಿಂಗಳು ಆಗಿರ್ಬೇಕು. ಧಾರಾಳ ಶೂ ಹಾಕ್ಬಹುದು.”

ನಾನು ನಕ್ಕೆ. ಇಲ್ಲ, ನನ್ನ ಹತ್ತಿರ ತಾರೀಕು ಉಂಟು, ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ ಎಂದೆ. ನೀವಾದರೂ ಹೇಳಿ ಎಂದು ಅತ್ತೆಯ ಕಡೆ ತಿರುಗಿದೆ. ಅವರು ಗೋಡೆಗೆ ತೂಗುಹಾಕಿದ್ದ ಹವಾಯಿ ಚಪ್ಪಲಿಗಳನ್ನು ಎಣಿಸುವವರಂತೆ ಮೇಲೆ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು.

ಒಂದೂವರೆ ತಿಂಗಳ ಹಿಂದೆ ನಾನು ತಿರುವನಂತಪುರದಲ್ಲಿದ್ದೆ. ಹಾಗಾದರೆ ಆ ಭಾನುವಾರ? ಗಂಡನ ಸಿದ್ಧವಾಗಿದ್ದ ಮೊಬೈಲ್, ಸೊಂಟದಿಂದ ಇಳಿಯದ ಮಗು, ಮೊನ್ನೆ ಮೀನು ತಂದ ಹೆಂಗಸು ಇವಳನ್ನು ನೋಡಿ ‘ಈಗ ಬೀಳುದಿಲ್ಲ ಅಲ್ಲವಾ’ ಎಂದು ನಾಲಿಗೆ ಕಚ್ಚಿಕೊಂಡದ್ದು, ಎಲ್ಲ ಒಂದರ ಹಿಂದೆ ಒಂದು ಬಂದು ನಿಂತವು. ಊರಿಗೆಲ್ಲ ಗೊತ್ತಿತ್ತು. ನಾನೊಬ್ಬಳು ಕೆಂಪು ಶಾಯಿ ಹಿಡಿದುಕೊಂಡು ಕುಣಿದಿದ್ದೆ. ಅಂಗಡಿಯವರು ಯಾವ ಬಣ್ಣ ಎಂದು ಕೇಳಿದ್ದು ನೆನಪಿದೆ. ನಾನು ಎಂತ ಹೇಳಿದೆನೋ ಗೊತ್ತಿಲ್ಲ. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಕಂಡದ್ದು ಹಳದಿ.

ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತು ಅತ್ತೆಯನ್ನು ಬಾಯಿಗೆ ಬಂದಂತೆ ಅಂದೆ. ನನ್ನನ್ನು ಮಂಗ ಮಾಡಿದಿರಿ ಎಂದೆ. ನನ್ನ ಮಗಳ ಮೊದಲ ಹೆಜ್ಜೆಯನ್ನು ಕದ್ದಿರಿ, ಆಮೇಲೆ ಸುಳ್ಳು ಹೆಜ್ಜೆಯೊಂದನ್ನು ನನ್ನ ಕೈಗೆ ಕೊಟ್ಟಿರಿ ಎಂದೆ. ಅವರು ಮಡಿಲಲ್ಲಿ ನಿದ್ದೆ ಹೋಗಿದ್ದ ಮಗಳ ಪಾದವನ್ನು ಸೆರಗಿನಿಂದ ಒರೆಸುತ್ತಿದ್ದರು.

“ಹೇಳಿದ್ರೆ ನೀನು ರೈಲು ಹತ್ತಿ ಬರ್ತಿದ್ದೆ,” ಎಂದರು ಕೊನೆಗೆ. “ಕೆಲಸ ಹೋಗ್ತಿತ್ತು. ನೀನು ಅದಕ್ಕೆ ಓದಿದ್ದನ್ನು ನಾನು ನೋಡಿದ್ದೇನಲ್ಲ.”

ಯಾವ ದಿನ ನಡೆದಳು ಎಂದು ಕೇಳಿದೆ. ನಾನು ಹೋದ ನಾಲ್ಕನೆಯ ದಿನ, ಸಂಜೆ, ಎಂದರು. ಅಂತೂ ನಿಮ್ಮ ಕಡೆಗೇ ನಡೆದು ಬಂದಳಲ್ಲ, ನಿಮಗೇ ಸಿಕ್ಕಿತಲ್ಲ ಅದೂ ಎಂದೆ. ನನ್ನ ಸ್ವರದಲ್ಲಿ ಎಷ್ಟು ವಿಷವಿತ್ತೆಂದು ನನಗೇ ಕೇಳಿಸಿತು.

ಅತ್ತೆ ಮೊದಲ ಸಲ ನನ್ನ ಮುಖ ನೋಡಿದರು.

“ನನ್ನ ಹತ್ತಿರ ಬಂದದ್ದಲ್ಲ ಮಾರಾಯ್ತಿ. ನೀನು ಫೋನಿನಲ್ಲಿ ಬಾ ಬಾ ಅಂತ ಕರೀತಿದ್ದೆ. ಕುರ್ಚಿ ಬಿಟ್ಟು ನಿನ್ನ ಸ್ವರಕ್ಕೆ ಬಂದದ್ದು ಅವಳು. ನಾಲ್ಕು ಹೆಜ್ಜೆ. ನಿನಗೆ ತೋರಿಸುವ ಅಂತ ಫೋನ್ ತಿರುಗಿಸುವಾಗ ಕೈಜಾರಿ ಅದು ಬಿತ್ತು.”

ಅವರು ಅಷ್ಟಕ್ಕೇ ನಿಲ್ಲಿಸಿದರು. ಅದರ ಮುಂದಿನದು ನನಗೆ ಗೊತ್ತಿತ್ತು. ಮಾಡಿನ ಹಂಚು, ಒಂದು ಜಂತಿ, ತಿರುಗುವ ಫ್ಯಾನಿನ ತುಂಡು. ಅದರ ಕೆಳಗೆ ನನ್ನ ಮಗಳು ನನ್ನ ಕಡೆಗೇ ನಡೆದು ಬರುತ್ತಿದ್ದಳು. ಐದನೆಯ ಹೆಜ್ಜೆಗೆ ನಾನು ಕಿರುಚಿ ಫೋನ್ ಕಟ್ ಮಾಡಿದ್ದೆ.