ಔಷಧಿ ಹೊಡೆಯುವ ಪೈಪಿನಲ್ಲಿ ಪೆಟ್ರೋಲು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ನಗುತ್ತಾ ಹೇಳುತ್ತಿದ್ದರು. ಎರಡು ವರ್ಷದಿಂದ ಯಾರೂ ನಗುವುದಿಲ್ಲ. ನನ್ನ ತಪ್ಪಿಗೆ ಇನ್ನೊಬ್ಬರನ್ನು ರಕ್ತ ಬರುವಂತೆ ಹೊಡೆದವನು ನಾನು. ಅದಾದದ್ದು ಹೇಗೆ ಎಂದು ಏನನ್ನೂ ಮುಚ್ಚಿಡದೆ ಬರೆಯಬೇಕಾಗಿದೆ.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನದು ಪೈಪು, ಪಂಪುಗಳ ಅಂಗಡಿ. ಸುತ್ತಲಿನ ದಾಳಿಂಬೆ, ಈರುಳ್ಳಿ ಬೆಳೆಗಾರರು ಔಷಧಿ ಹೊಡೆಯುವ ಹಳದಿ ಪೈಪನ್ನು ನನ್ನಲ್ಲಿಂದಲೇ ಒಯ್ಯುತ್ತಾರೆ. ಅಣ್ಣನದು ತಂಬ್ರಹಳ್ಳಿಯಲ್ಲಿ ವೆಲ್ಡಿಂಗ್ ಕೆಲಸ, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುತ್ತಾನೆ. ಬಿಡಿಬಿಡಿಯಾಗಿ ಬರುವ ಜೀಪೊಂದನ್ನು ತರಿಸಿ ಮನೆ ಮುಂದೆಯೇ ಜೋಡಿಸಬೇಕೆಂಬ ಹುಚ್ಚು ಅವನಿಗೆ ಹತ್ತಿತು. ಉತ್ತರದ ಕಡೆಯಿಂದ ಲಾರಿಯಲ್ಲಿ ಚಾಸಿ, ಬಾನೆಟ್ಟು, ಬಾಗಿಲು, ನಟ್ಟು ಬೋಲ್ಟಿನ ಚೀಲಗಳು ಬಂದವು. ಎಂಜಿನ್ನು ಗುಜರಿಗೆ ಹೋದ ಹಳೇ ವ್ಯಾನಿನದು. ಅದನ್ನು ಕೂರಿಸಲು ಕೊಟ್ಟೂರಿನಿಂದ ಒಬ್ಬ ಮೇಸ್ತ್ರಿ ಬರುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಮಾತು ಕಡಿಮೆ.

ಜೋಡಿಸುವ ನಾಲ್ಕು ತಿಂಗಳೂ ನಾವು ಅಣ್ಣತಮ್ಮಂದಿರು ಜಗಳವಾಡಿದೆವು. ಒಮ್ಮೆ ನಾನು ಎಸೆದ, ನಟ್ಟು ಬಿಗಿಯುವ ಪಾನಾ ಅವನ ಮೊಣಕೈಗೆ ತಾಗಿತು, ಅವನು ಅದನ್ನೇ ಎತ್ತಿಕೊಂಡು ನನ್ನನ್ನು ಬೀದಿಯವರೆಗೆ ಅಟ್ಟಿಸಿಕೊಂಡು ಬಂದ. ಸಂಜೆ ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದೆವು. ನಮ್ಮ ಮನೆಯಲ್ಲಿ ಹೊಡೆದಾಟ ಎಂದರೆ ಅಷ್ಟೇ ಆಗಿತ್ತು.

ಪೆಟ್ರೋಲ್ ಟ್ಯಾಂಕನ್ನು ಅಣ್ಣ ತನ್ನ ಲೆಕ್ಕದಲ್ಲಿ ಹಿಂದಕ್ಕೆ ಸರಿಸಿದ. ಸಾಮಾನಿನ ಜೊತೆ ಬಂದಿದ್ದ ಕರಿ ರಬ್ಬರಿನ ಪೈಪು ಎಂಜಿನ್ನಿಗೆ ಮುಟ್ಟಲಿಲ್ಲ. ಹೊಸಪೇಟೆಯಿಂದ ಉದ್ದದ್ದು ತರಬೇಕು, ಎರಡು ದಿನ ಬೇಕು ಎಂದರು ಮೇಸ್ತ್ರಿ. ಎರಡು ದಿನ ಎಂದದ್ದೇ ನನಗೆ ರೇಗಿತು. ಅಣ್ಣ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಅಂಗಡಿಗೆ ಹೋಗಿ ಹಳದಿ ಪೈಪಿನ ಸುರುಳಿಯಿಂದ ಹನ್ನೆರಡು ಅಡಿ ಕತ್ತರಿಸಿ ತಂದು ಅವರ ಮುಂದೆ ಒಗೆದೆ.

"ಇದು ಔಷಧ ಹೊಡಿಯೋ ಪೈಪ್ ಐತಲ್ರಿ" ಎಂದರು.

"ಮಷೀನ್ ಹಚ್ಚಿ ಎಷ್ಟು ಜೋರ್ ಹೊಡದ್ರೂ ಇದು ಒಡಿಯಂಗಿಲ್ಲ. ತೊಟ್ಟು ತೊಟ್ಟು ಹರಿಯೋ ಪೆಟ್ರೋಲ್ ಇದಕ್ಕೇನು ಮಹಾ?"

"ಜೋರಿಂದಲ್ರಿ. ಪೆಟ್ರೋಲ್ ಇದನ್ನ ತಿಂತೈತಿ. ಬಿರುಸಾಗಿ ಸೀಳತೈತಿ."

"ಪೈಪಿನ ವ್ಯಾಪಾರ ನಂದೋ ನಿಂದೋ? ಹಾಕು ಅಂದ್ರ ಹಾಕು."

ಹಾಕಿದರು. ಎರಡೂ ತುದಿಗೆ ಒಳ್ಳೆಯ ಕ್ಲಿಪ್ಪು ಬಿಗಿದರು. ಹದಿನೈದು ದಿನದ ಮೇಲೆ ತಾವಾಗಿಯೇ ಉದ್ದನೆಯ ಕರಿ ಪೈಪು ಹಿಡಿದುಕೊಂಡು ತಂಬ್ರಹಳ್ಳಿಗೆ ಬಂದರು. ಗಾಡಿ ಚೆನ್ನಾಗಿ ಓಡುತ್ತಿತ್ತು, ಊರವರು ಬೆರಗಾಗಿ ನೋಡುತ್ತಿದ್ದರು. ನನ್ನ ಪೈಪನ್ನು ಬಿಚ್ಚಲು ಬಂದವರನ್ನು ನಾನು ಬಾಗಿಲಲ್ಲೇ ಬೈದು ಕಳಿಸಿದೆ. ಅಣ್ಣ ಆಗ ಹೊಲದಲ್ಲಿದ್ದ, ಅವನಿಗೆ ಅದು ಗೊತ್ತೇ ಆಗಲಿಲ್ಲ.

ಬೇಸಿಗೆ ಬಂತು. ಗಾಡಿಯಲ್ಲಿ ಕೂತರೆ ಪೆಟ್ರೋಲ್ ವಾಸನೆ ತಲೆಗೆ ಏರತೊಡಗಿತು.

"ಲೇ, ವಾಸನಿ ಜಾಸ್ತಿ ಆಗೇತಿ. ಮೇಸ್ತ್ರಿನ್ನ ಕರಸೋಣು" ಎಂದ ಅಣ್ಣ.

"ಎಲ್ಲಾದಕ್ಕೂ ಅವನ್ಯಾಕ? ನಾ ನೋಡ್ತೀನಿ."

ನೋಡಿದೆ. ಎಂಜಿನ್ ಕಡೆಯ ತುದಿ ಗಟ್ಟಿಯಾಗಿ, ಕ್ಲಿಪ್ಪಿನ ಕೆಳಗೆ ಕೂದಲೆಳೆಯಷ್ಟು ಸೀಳಿತ್ತು. ಬೆರಳು ಒದ್ದೆಯಾಯಿತು. ಮೇಸ್ತ್ರಿ ಹೇಳಿದ್ದೇ ಆಗಿತ್ತು. ಒಪ್ಪಿಕೊಳ್ಳಲು ಮೈಯೆಲ್ಲ ಉರಿಯಿತು. ಸೀಳಿದ ಎರಡು ಇಂಚು ಕತ್ತರಿಸಿ ಎಸೆದು, ಉಳಿದದ್ದನ್ನು ಎಳೆದು ತುರುಕಿ, ಸೆಂಟ್ರಿಂಗಿನವರು ಕಬ್ಬಿಣ ಕಟ್ಟುವ ತಂತಿಯಿಂದ ಬಿಗಿದೆ. ಅಣ್ಣನಿಗೆ ಸರಿಯಾಯಿತು ಎಂದೆ.

ಮೂರನೆಯ ದಿನ ಮಧ್ಯಾಹ್ನ ಇಬ್ಬರೂ ತಂಬ್ರಹಳ್ಳಿಯಿಂದ ಹೊರಟಿದ್ದೆವು. ಅಣ್ಣ ನಡೆಸುತ್ತಿದ್ದ. ಬಾನೆಟ್ಟಿನ ಕೆಳಗೆ ಬಕ್ ಎಂದಿತು, ಕಾಲ ಬುಡದಿಂದ ಬೆಂಕಿ ಎದ್ದಿತು. ನಾನು ಹಾರಿದೆ. ಯೋಚಿಸಲಿಲ್ಲ, ಅವನ ಕಡೆ ತಿರುಗಿಯೂ ನೋಡಲಿಲ್ಲ. ಅಣ್ಣ ಹಾರಲಿಲ್ಲ, ಯಾಕೆಂದರೆ ಎದುರಿಗೆ ರಸ್ತೆ ತುಂಬ ಕುರಿ, ಕುರಿಗಳ ನಡುವೆ ಮನುಷ್ಯರು. ಉರಿಯುವ ಕಾಲಿನಿಂದಲೇ ಬ್ರೇಕ್ ತುಳಿದು ಗಾಡಿಯನ್ನು ತಗ್ಗಿಗೆ ಇಳಿಸಿದ. ಅವನು ಕಿರುಚಿದ್ದು ಮನುಷ್ಯರ ದನಿಯಂತಿರಲಿಲ್ಲ. ಕುರಿ ಕಾಯುವವರೊಬ್ಬರು ಓಡಿಬಂದು ಅವನನ್ನು ಎಳೆದು ಕೆಡವಿ, ಹೆಗಲ ಮೇಲಿನ ಕರಿ ಕಂಬಳಿ ಹೊದಿಸಿ ಅದರ ಮೇಲೆ ತಾವೇ ಬಿದ್ದರು. ಸುಟ್ಟ ಉಣ್ಣೆಯ ಕೆಳಗೆ ಸುಟ್ಟ ಚರ್ಮದ ವಾಸನೆ ಇತ್ತು. ನಾನು ಹತ್ತು ಮಾರು ದೂರದಲ್ಲಿ ಬರಿಗೈಯಲ್ಲಿ ನಿಂತಿದ್ದೆ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಎರಡೂ ಕಾಲು ಮೊಣಕಾಲಿನವರೆಗೆ ಸುಟ್ಟಿವೆ, ಉಳಿಸಿಕೊಳ್ಳಲು ನೋಡುತ್ತೇವೆ ಎಂದರು. ಪೈಪಿನಿಂದ ಪೆಟ್ರೋಲ್ ಸೋರಿ ಬೆಂಕಿ ಹತ್ತಿತೆಂದು ನಾನೇ ಹೇಳಿದ್ದೆ. ಅತ್ತಿಗೆ ಅಳಲಿಲ್ಲ. ನನ್ನ ಮುಂದೆ ಬಂದು ನಿಂತು, ನೆಂಟರೆಲ್ಲ ಕೇಳುವಂತೆ, "ಆ ಪೈಪ್ ಹಾಕಿದಾಂವ ಯಾರು?" ಎಂದಳು.

"ಮೇಸ್ತ್ರಿ" ಎಂದೆ.

ಅದು ಸುಳ್ಳಲ್ಲ, ಹಾಕಿದವರು ಅವರೇ. ಆದರೆ ಆ ಮಾತು ಆಡಿದ ಮೇಲೆ ನನಗೆ ಅಲ್ಲಿ ಕೂರಲಾಗಲಿಲ್ಲ. ಅದು ಪೂರ್ತಿ ನಿಜವಾಗಬೇಕಾದರೆ ನಾನು ಅವರ ಮೇಲೆ ಕೋಪ ಮಾಡಿಕೊಳ್ಳಲೇಬೇಕಿತ್ತು. ಮರುದಿನ ಬೆಳಿಗ್ಗೆ ಹೊರಟವನು ಕೂಡ್ಲಿಗಿ ದಾಟುವವರೆಗೂ ಕೋಪವನ್ನು ಊದಿ ಊದಿ ಉರಿಸಿದೆ. ಕೊಟ್ಟೂರು ಮುಟ್ಟುವ ಹೊತ್ತಿಗೆ ಕಣ್ಣಿಗೆ ಕತ್ತಲೆ ಬಂದಿತ್ತು.

ಮೇಸ್ತ್ರಿ ಗ್ಯಾರೇಜಿನ ಮುಂದೆ ಟೈರಿನ ಮೇಲೆ ಕೂತು ಮಗಳು ತಂದ ರೊಟ್ಟಿ ಡಬ್ಬಿ ಬಿಚ್ಚುತ್ತಿದ್ದರು. ಮಗಳು ಕಾಲೇಜಿಗೆ ಹೋಗುವವಳು, ನೀರಿನ ಬಾಟಲಿ ಹಿಡಿದು ನಿಂತಿದ್ದಳು. ನಾನು ಡಬ್ಬಿಯನ್ನು ಒದ್ದೆ. ಅವರು ಏಳುವ ಮೊದಲೇ ಕಪಾಳಕ್ಕೆ ಹೊಡೆದೆ, ಆಮೇಲೆ ಗೋಡೆಗೆ ತೂಗುಹಾಕಿದ್ದ ಫ್ಯಾನ್ ಬೆಲ್ಟ್ ಕಿತ್ತುಕೊಂಡು ಬೆನ್ನಿಗೆ, ಕುತ್ತಿಗೆಗೆ, ಅಡ್ಡ ಹಿಡಿದ ಕೈಗೆ ಹೊಡೆದೆ. ತುಟಿ ಒಡೆದು ರಕ್ತ ಗಡ್ಡಕ್ಕೆ ಇಳಿಯಿತು. ಮಗಳು ನಡುವೆ ಬಂದಳು, ಅವಳನ್ನು ತಳ್ಳಿದೆ. "ನಮ್ಮಣ್ಣನ ಸುಟ್ಟೆಲ್ಲೋ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಅಕ್ಕಪಕ್ಕದವರು ಬಂದರು, ನನ್ನ ಮಾತು ಕೇಳಿ ಅರ್ಧ ಜನ ಕೈಕಟ್ಟಿ ನಿಂತರು.

ಮೇಸ್ತ್ರಿ ನೆಲದ ಮೇಲಿಂದ ಕೇಳಿದ್ದು ಒಂದೇ ಮಾತು. "ಅಣ್ಣಾರು ಹೆಂಗದಾರ್ರಿ ಈಗ?"

ಅದಕ್ಕೆ ಇನ್ನೊಂದು ಏಟು ಹೊಡೆದೆ. ಆ ಏಟು ನನಗೆ ಇವತ್ತಿಗೂ ಕೈಯಲ್ಲಿ ನೋಯುತ್ತದೆ.

ಮರಳಿ ಬರುವಾಗ ತಗ್ಗಿನಲ್ಲಿದ್ದ ಸುಟ್ಟ ಗಾಡಿಯ ಹತ್ತಿರ ನಿಂತೆ. ಅಣ್ಣನ ವರ್ಕ್‌ಶಾಪಿನ ದೊಡ್ಡ ಸುತ್ತಿಗೆ ತಂದು ತೋಳು ಸೋಲುವವರೆಗೂ ಅದರ ಬಾನೆಟ್ಟು, ಬಾಗಿಲು ಎಲ್ಲ ಜಜ್ಜಿದೆ. ಟ್ಯಾಂಕಿನ ಕಡೆ ಮೂರು ಅಡಿ ಹಳದಿ ಪೈಪು ಸುಡದೆ ಉಳಿದಿತ್ತು. ಬಗ್ಗಿಸಿದರೆ ಒಣ ತೊಗರಿಕಟ್ಟಿಗೆಯಂತೆ ಲಟ್ಟನೆ ಮುರಿಯಿತು. ಅಲ್ಲೇ ಕೂತು ಅತ್ತೆ.

ನಡೆದದ್ದನ್ನು ಮನೆಯಲ್ಲಿ ಹೇಳುವುದಕ್ಕೆ ಮತ್ತೆ ಎರಡು ತಿಂಗಳು ಬೇಕಾಯಿತು. ಅಣ್ಣನ ಕಾಲು ಉಳಿದವು, ತೊಡೆಯ ಚರ್ಮ ತೆಗೆದು ಹಚ್ಚಿದರು. ಅವನು ಮನೆಗೆ ಬಂದ ವಾರ, ಅಣ್ಣ ಅತ್ತಿಗೆ ಇಬ್ಬರೂ ಇರುವಾಗ ಎಲ್ಲವನ್ನೂ ಹೇಳಿದೆ. ಅತ್ತಿಗೆ ಕಾಲಿನ ಚಪ್ಪಲಿ ತೆಗೆದು ಮುಖದ ಮೇಲೆ ಹೊಡೆದಳು. ಹೊಡೆಯಲಿ ಎಂದು ನಿಂತೆ. ನಿಜ ಹೇಳಬೇಕೆಂದರೆ ಹಾಯೆನಿಸಿತು. ಅಣ್ಣ ಗೋಡೆ ನೋಡುತ್ತಾ, "ಮೇಸ್ತ್ರಿಗೆ ಹೇಳೀಯೇನು?" ಎಂದ. ಇಲ್ಲ ಎಂದೆ. "ಹಂಗಾರ ನನ್ನ ಮುಂದ ಯಾಕ ಅಳ್ತಿ? ಹೋಗು."

ಹೋದೆ. ಗ್ಯಾರೇಜಿನಲ್ಲಿ ಒಂದೇ ಒಂದು ಬೈಕು ನಿಂತಿತ್ತು. ಸುಟ್ಟ ಗಾಡಿಯ ಮೇಸ್ತ್ರಿ ಎಂದು ಹೆಸರು ಬಿದ್ದ ಮೇಲೆ ಜನ ಬೇರೆ ಕಡೆ ಹೋಗುತ್ತಿದ್ದರು. ಕಾಲಿಗೆ ಬೀಳಲು ಬಗ್ಗಿದವನನ್ನು ಮೇಸ್ತ್ರಿ ಭುಜ ಹಿಡಿದು ನಿಲ್ಲಿಸಿದರು.

"ನನಗ ಗೊತ್ತೈತಿ ಬಿಡ್ರಿ, ನಂದೇನೂ ತಪ್ಪಿಲ್ಲ ಅಂತ. ನನಗ ಹೇಳೋದೇನೈತಿ? ಅಕಿಗೆ ಹೇಳ್ರಿ" ಎಂದು ಒಳಗೆ ಕೂತಿದ್ದ ಮಗಳ ಕಡೆ ಕೈ ತೋರಿಸಿದರು. "ಅವತ್ತಿಂದ ಇಲ್ಲಿಗೆ ರೊಟ್ಟಿ ತಂದಾಕಿ ನನ್ನ ಒಬ್ಬನ್ನ ಬಿಟ್ಟು ಹೋಗವಲ್ಲಳು."

ಪೈಪು ನನ್ನದು, ನಿಮ್ಮಪ್ಪ ಬೇಡವೆಂದಿದ್ದರು, ಬದಲಾಯಿಸಲು ಬಂದಾಗ ನಾನೇ ಓಡಿಸಿದೆ ಎಂದು ಅವಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ದನಿ ಏರಿಸಲಿಲ್ಲ.

"ಹೊಡಿಯೋವಾಗ ಇದೆಲ್ಲಾ ನಿಮಗ ಗೊತ್ತಿತ್ತೇನ್ರಿ?"

ಮೇಸ್ತ್ರಿ ಬೈಕಿನ ಕಡೆ ತಿರುಗಿ ನಿಂತಿದ್ದರು. ಇಲ್ಲ, ಆಮೇಲೆ ತಿಳಿಯಿತು ಎನ್ನುವ ಮಾತು ನನ್ನ ಬಾಯಿ ತುದಿಗೆ ಬಂದಿತ್ತು.

"ಗೊತ್ತಿತ್ತವ್ವಾ" ಎಂದೆ.