ರಾಕೆಟ್ಟಿನ ಕಾಲಿಗೆ ಇಟ್ಟ ಕುಂಕುಮ

ರಾಜಾಜಿನಗರದಲ್ಲಿ ನಾನು ಕೆಲಸಕ್ಕಿದ್ದ ವರ್ಕ್‌ಶಾಪಿನ ಓನರ್, ಏನೇ ಕೆಟ್ಟರೂ ಹಳೇ ಬನಿಯನ್ ಬಟ್ಟೆಯಲ್ಲಿ ಅಂಗೈ ಒರೆಸಿಕೊಳ್ಳುತ್ತಾ, "ಮೊದ್ಲು ನಮ್ಮ ಕೈ ನೋಡ್ಕೊಳ್ಳೋಣ ಕಣಯ್ಯ" ಎನ್ನುತ್ತಿದ್ದರು.

ಒಮ್ಮೆ ವಿದೇಶಿ ಕಂಪನಿಯೊಂದರ ರಾಕೆಟ್ಟಿನ ಕಾಲು ಮಡಚದಂತೆ ಹಿಡಿಯುವ ಪಿನ್ನು ಮಾಡುವ ಆರ್ಡರ್ ಬಂತು. ಉಪಗ್ರಹವನ್ನು ಮೇಲಕ್ಕೆ ತಳ್ಳಿ, ತಾನು ವಾಪಸ್ ಬಂದು ಸಮುದ್ರದಲ್ಲಿ ಹಡಗಿನ ಮೇಲೆ ನಿಲ್ಲುವ ರಾಕೆಟ್ಟು ಅದು. ಆಯುಧಪೂಜೆಯಲ್ಲಿ ಲೇತ್‌ಗಳ ಜೊತೆ ಆ ಪಿನ್ನುಗಳಿಗೂ ಓನರ್ ಕುಂಕುಮ ಇಟ್ಟರು. ಮಾರನೇ ದಿನ ಒರೆಸಿ ಕಳಿಸಿದೆವು.

ಉಡಾವಣೆಯನ್ನು ಎಲ್ಲರೂ ಓನರ್ ಮೊಬೈಲಿನಲ್ಲೇ ನೋಡಿದೆವು. ಉಪಗ್ರಹ ಮೇಲಕ್ಕೆ ಹೋದಾಗ ಚಪ್ಪಾಳೆ ತಟ್ಟಿದೆವು. ರಾಕೆಟ್ಟು ಹಡಗಿಗೆ ಇಳಿದು, ಒಂದು ಕಾಲು ಮಡಚಿಕೊಂಡು, ಉರುಳಿ ಹೊತ್ತಿಕೊಂಡಿತು. ಓನರ್ ಯಾರ ಮುಖವನ್ನೂ ನೋಡದೆ ಅಂಗೈ ಒರೆಸಿಕೊಳ್ಳತೊಡಗಿದರು. ಅಂದಿನಿಂದ ಊಟಕ್ಕೆ ನಮ್ಮ ಜೊತೆ ಕೂರುವುದನ್ನೂ ಬಿಟ್ಟರು.

ಆಮೇಲೆ ಕಂಪನಿಯಿಂದ ಫೋನ್ ಬಂತು: ಪಿನ್ನು ಸರಿಯಾಗಿಯೇ ಇತ್ತು, ಅಲೆಗೆ ಹಡಗು ವಾಲಿತ್ತು. ಹೊಸ ಆರ್ಡರನ್ನೂ ಕೊಟ್ಟರು.

"ನಮ್ದೇನೂ ತಪ್ಪಿಲ್ವಂತೆ, ಬಿಡಿ ಸಾರ್" ಅಂದೆ.

"ನಾನ್ ಕುಂಕುಮ ಇಟ್ಟಿದ್ದು ಅವ್ರಿಗೇನ್ ಗೊತ್ತು?" ಅಂದರು.

ಮುಂದಿನ ಆಯುಧಪೂಜೆಗೆ ಲೇತ್‌ಗಳಿಗೆಲ್ಲ ಕುಂಕುಮ ಇಟ್ಟು ಹೊಸ ಆರ್ಡರಿನ ಪಿನ್ನುಗಳ ಟ್ರೇ ಹತ್ತಿರ ಬಂದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ಮಾತ್ರ ಬಗ್ಗಿಸಿ ನಮಸ್ಕಾರ ಮಾಡಿದರು.